ಗಡಿ ದಾಟದ ಪೆಟ್ಟಿಗೆ

1916ರಲ್ಲಿ ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿ, ರೌಸಸ್ ಪಾಯಿಂಟ್ ಎಂಬ ಊರಿನ ಹತ್ತಿರ, ಕೆಲವರು ಗಡಿಗೆರೆಯ ಮೇಲೇ ಒಂದು ಡೇರೆ ಹಾಕಿದರು. ಡೇರೆಯೊಳಗೆ ಕೆನಡಾದ ಕಡೆಗೆ ಒಂದು ಬಾಕ್ಸಿಂಗ್ ಪಂದ್ಯದ ಫಿಲ್ಮು. ಅಮೆರಿಕದ ಕಡೆಗೆ ಇನ್ನೂ ಬೆಳಕು ಕಾಣದ ಖಾಲಿ ಫಿಲ್ಮು. ನಡುವೆ ಕೆಲವೇ ಅಂಗುಲ. ಆ ಕಡೆಯ ಫಿಲ್ಮಿನ ಮೂಲಕ ದೀಪದ ಬೆಳಕು ಹಾಯಿಸಿ, ಒಂದೊಂದೇ ಚಿತ್ರವನ್ನು ಈ ಕಡೆಯ ಫಿಲ್ಮಿನ ಮೇಲೆ ಮೂಡಿಸಿಕೊಂಡರು. ಫಿಲ್ಮು ಗಡಿ ದಾಟಿಲ್ಲ, ದಾಟಿದ್ದು ಬೆಳಕು ಮಾತ್ರ ಎನ್ನುವುದು ಅವರ ವಾದವಾಗಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ನನ್ನ ಪಿಎಚ್.ಡಿ. ಸಿನಿಮಾ ಪ್ರದರ್ಶನದ ಕಾನೂನುಗಳ ಬಗ್ಗೆ. ಸಿನಿಮಾದ ಬಗ್ಗೆ ಅಲ್ಲ, ಅದನ್ನು ಎಲ್ಲಿ, ಯಾರು, ಯಾರ ಅಪ್ಪಣೆ ಪಡೆದು ತೋರಿಸಬೇಕು ಎನ್ನುವುದರ ಬಗ್ಗೆ. ಹಾಗಾಗಿ ದಿನವಿಡೀ ಓದುವುದು ಕಾಯ್ದೆ, ನಿಯಮ, ತೀರ್ಪು. ಈ ಡೇರೆಯ ಪ್ರಕರಣ ಓದಿದ ದಿನ ನಗು ಬಂತು. ರಾತ್ರಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ನಗಲಿಲ್ಲ. "ಬಡ್ಡಿಮಕ್ಳು, ಸರಿಯಾಗೇ ಮಾಡವ್ರೆ" ಅಂದರು. 1980ರ ಸುಮಾರಿನಲ್ಲಿ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಟೂರಿಂಗ್ ಟಾಕೀಸುಗಳಿಗೆ ರೀಲು ಪೆಟ್ಟಿಗೆ ಹೊತ್ತವರು ಅವರು. ಗಡಿಗೆರೆಯ ಮೇಲೆ ಹಾಕಿದ ಟೆಂಟು ಅವರಿಗೆ ತಮಾಷೆಯಾಗಿ ಕಾಣಲಿಲ್ಲ.

ಅಮೆರಿಕದ ಆ ಕಾಯ್ದೆಗೆ ಸಿಮ್ಸ್ ಕಾಯ್ದೆ ಎಂದು ಹೆಸರು. ಜಾರಿಗೆ ಬಂದದ್ದು 1912ರ ಜುಲೈ 31ರಂದು. ಅದರ ಹಿಂದೆ ಇದ್ದವನು ಒಬ್ಬನೇ ಒಬ್ಬ ಮನುಷ್ಯ, ಜ್ಯಾಕ್ ಜಾನ್ಸನ್. ಗುಲಾಮರಾಗಿದ್ದವರ ಮಗ, ಟೆಕ್ಸಾಸಿನ ಗ್ಯಾಲ್ವೆಸ್ಟನ್ ಊರಿನವನು. 1908ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಕಪ್ಪು ಮನುಷ್ಯ. ಹದಿನಾಲ್ಕನೇ ಸುತ್ತಿನಲ್ಲಿ ಪೊಲೀಸರು ಆ ಪಂದ್ಯವನ್ನೇ ನಿಲ್ಲಿಸಿದರು. ಬಿಳಿಯನೊಬ್ಬ ನೆಲಕ್ಕೆ ಬೀಳುವುದು ದಾಖಲಾಗದಿರಲಿ ಎಂದು ಕ್ಯಾಮೆರಾವನ್ನೂ ನಿಲ್ಲಿಸಿದರು ಎನ್ನುತ್ತಾರೆ.

ಆಮೇಲೆ ಶುರುವಾದದ್ದು ಹುಡುಕಾಟ. ಇವನನ್ನು ಸೋಲಿಸಬಲ್ಲ ಒಬ್ಬ ಬಿಳಿಯ ಬೇಕು. ಸೋಲನ್ನೇ ಕಾಣದೆ ನಿವೃತ್ತನಾಗಿದ್ದ ಜಿಮ್ ಜೆಫ್ರೀಸ್‌ನನ್ನು ಅವನ ಹೊಲದಿಂದ ಎಬ್ಬಿಸಿ ಕರೆತಂದರು. 1910ರ ಜುಲೈ 4, ಅವರ ಸ್ವಾತಂತ್ರ್ಯ ದಿನ. ನೆವಾಡಾದ ರೀನೋದಲ್ಲಿ, ಉರಿಬಿಸಿಲಿನಲ್ಲಿ ಪಂದ್ಯ ನಡೆಯಿತು. ಹದಿನೈದನೇ ಸುತ್ತಿನಲ್ಲಿ ಜೆಫ್ರೀಸ್ ಬಿದ್ದ. ಅಲ್ಲಿಯವರೆಗೆ ಅವನು ಬಿದ್ದದ್ದನ್ನು ಯಾರೂ ನೋಡಿರಲಿಲ್ಲ. ಆ ಸಂಜೆಯಿಂದಲೇ ಊರೂರಲ್ಲಿ ಗಲಭೆಗಳು. ಸತ್ತವರಲ್ಲಿ ಹೆಚ್ಚಿನವರು ಕಪ್ಪುಜನ. ಗೆದ್ದ ಸುದ್ದಿಗೆ ಸಂಭ್ರಮಿಸಿದರು ಎನ್ನುವುದೇ ಅವರಲ್ಲಿ ಹಲವರ ತಪ್ಪು.

ಪಂದ್ಯದ ಫಿಲ್ಮು ಬಂದಾಗ ಅನೇಕ ರಾಜ್ಯಗಳು, ನಗರಗಳು ಅದನ್ನು ತೋರಿಸಕೂಡದು ಎಂದವು. ಕೊಟ್ಟ ಕಾರಣ, ಶಾಂತಿಭಂಗವಾದೀತು. ಹೊಡೆದವರು ಬಿಳಿಯರು, ಹೊಡೆತ ತಿಂದವರು ಕಪ್ಪುಜನ, ನಿಲ್ಲಿಸಿದ್ದು ಸಿನಿಮಾವನ್ನು! ಎರಡು ವರ್ಷದ ನಂತರ, 1912ರ ಜುಲೈ 4ರಂದು ಜಾನ್ಸನ್ ಇನ್ನೊಂದು ಪಂದ್ಯ ಗೆದ್ದ. ಅದಾಗಿ ನಾಲ್ಕು ವಾರ ತುಂಬುವ ಮೊದಲೇ ಕೇಂದ್ರ ಕಾಯ್ದೆ ಬಂತು.

ಕಾಯ್ದೆಯ ಜಾಣತನ ನೋಡಿ. ಬಾಕ್ಸಿಂಗ್ ಫಿಲ್ಮು ತೋರಿಸುವುದು ಅಪರಾಧ ಎಂದು ಅದು ಹೇಳಲೇ ಇಲ್ಲ. ಹಾಗೆ ಹೇಳುವ ಅಧಿಕಾರ ಅಮೆರಿಕದ ಸಂಸತ್ತಿಗೆ ಇರಲಿಲ್ಲ. ಊರಿನ ಶಾಂತಿ ಸುವ್ಯವಸ್ಥೆ ರಾಜ್ಯಗಳಿಗೆ ಸೇರಿದ್ದು. ಸಂಸತ್ತಿಗೆ ಇದ್ದದ್ದು ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲಿನ ಅಧಿಕಾರ. ಆದ್ದರಿಂದ ಅದು ಹಿಡಿದದ್ದು ಪೆಟ್ಟಿಗೆಯನ್ನು. ಜನರಿಗೆ ತೋರಿಸಲೆಂದು ಇಂಥ ಫಿಲ್ಮನ್ನು ಅಂಚೆಯಲ್ಲಾಗಲಿ, ರೈಲಿನಂಥ ಸಾರ್ವಜನಿಕ ಸಾಗಣೆಯಲ್ಲಾಗಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಒಯ್ದರೆ, ಹೊರದೇಶದಿಂದ ತಂದರೆ, 1000 ಡಾಲರುವರೆಗೆ ದಂಡ, ಒಂದು ವರ್ಷದವರೆಗೆ ಕಠಿಣ ಶಿಕ್ಷೆ, ಅಥವಾ ಎರಡೂ. ಕಾಯ್ದೆಯಲ್ಲಿ ಕಪ್ಪು ಎಂಬ ಪದ ಇಲ್ಲ, ಜಾನ್ಸನ್ ಹೆಸರಿಲ್ಲ. ಎಲ್ಲ ಬಾಕ್ಸಿಂಗ್ ಫಿಲ್ಮುಗಳಿಗೂ ಸಮಾನವಾಗಿ ಅನ್ವಯ. ಸಮಾನವಾಗಿ ಅನ್ವಯಿಸುವ ಕಾನೂನು ಕಂಡರೆ, ಇದು ಯಾರನ್ನು ನೋಡಿ ಬರೆದದ್ದು ಎಂದು ಕೇಳುವ ಚಟ ನನಗೆ ಹತ್ತಿದ್ದು ಇಲ್ಲಿಂದಲೇ.

ಇದರಲ್ಲೊಂದು ಫಜೀತಿಯೂ ಆಯಿತು. 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜಾನ್ಸನ್ ಸೋತ. ಗೆದ್ದವನು ಬಿಳಿಯ, ಜೆಸ್ ವಿಲ್ಲರ್ಡ್. ಇಡೀ ಬಿಳಿಯ ಅಮೆರಿಕ ಕಣ್ತುಂಬ ನೋಡಬೇಕೆಂದು ಆರು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದ ದೃಶ್ಯ. ಆದರೆ ಅದು ಕ್ಯೂಬಾದಿಂದ ಬರಬೇಕಾದ ಫಿಲ್ಮು, ಅವರೇ ಮಾಡಿಕೊಂಡ ಕಾಯ್ದೆ ಅಡ್ಡ ನಿಂತಿತ್ತು. ಸುಪ್ರೀಂ ಕೋರ್ಟಿಗೆ ಹೋದರು, ಅದೇ ವರ್ಷದ ಡಿಸೆಂಬರಿನಲ್ಲಿ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ರೌಸಸ್ ಪಾಯಿಂಟಿನ ಡೇರೆ ಎದ್ದದ್ದು ಇದೇ ಫಿಲ್ಮಿಗಾಗಿ.

ಜಾನ್ಸನ್ನನ ಫಿಲ್ಮಿಗೆ ಮಾತ್ರವಲ್ಲ, ಜಾನ್ಸನ್ನನಿಗೂ ರಾಜ್ಯದ ಗಡಿ ದಾಟಿದ್ದೇ ಅಪರಾಧವಾಯಿತು. ಹೆಣ್ಣುಮಕ್ಕಳನ್ನು ಅನೈತಿಕ ಉದ್ದೇಶಕ್ಕೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದು ಎನ್ನುವ ಮ್ಯಾನ್ ಕಾಯ್ದೆ 1910ರಲ್ಲಿ ಬಂದಿತ್ತು. ಜಾನ್ಸನ್ನನ ಸಂಗಾತಿಗಳು ಬಿಳಿಯ ಹೆಂಗಸರು. 1913ರಲ್ಲಿ, ಬಿಳಿಯರೇ ತುಂಬಿದ್ದ ಪಂಚರ ಮುಂದೆ, ಈ ಕಾಯ್ದೆಯಡಿ ಅವನು ಅಪರಾಧಿಯಾದ. ದೇಶ ಬಿಟ್ಟು ಓಡಿದ, 1920ರಲ್ಲಿ ಹಿಂತಿರುಗಿ ಜೈಲು ಸೇರಿದ. ಸತ್ತದ್ದು 1946ರಲ್ಲಿ. ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರ ಮೇ ತಿಂಗಳಲ್ಲಿ. ಯಾರಿಗೆ ಬಂತು, ಅದು ನನಗಿನ್ನೂ ತಿಳಿದಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರುತ್ತೇನೆ. ಇಲ್ಲಿ ಯಾರೂ ಬಾಕ್ಸಿಂಗ್ ಫಿಲ್ಮನ್ನು ನಿಷೇಧಿಸಿದ ಕತೆ ನನ್ನ ಬಳಿ ಇಲ್ಲ. ಇರುವುದು ಪೆಟ್ಟಿಗೆ ಮತ್ತು ಗಡಿಗಳ ಕತೆ.

ಸ್ವಾತಂತ್ರ್ಯಕ್ಕೆ ಮೊದಲಿನ ಚಿತ್ರದುರ್ಗ ಜಿಲ್ಲೆಯ ನಕಾಶೆ ನೋಡಬೇಕು. ಅದು ಮೈಸೂರು ಸಂಸ್ಥಾನದ ಉತ್ತರದ ತುದಿ. ಮೊಳಕಾಲ್ಮೂರು ದಾಟಿದರೆ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸ್ ಪ್ರಾಂತ್ಯ. ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಧಾರವಾಡ ಜಿಲ್ಲೆ, ಬೊಂಬಾಯಿ ಪ್ರಾಂತ್ಯ. ಬ್ರಿಟಿಷ್ ಇಂಡಿಯಾಕ್ಕೆ 1918ರಲ್ಲಿ ಸಿನಿಮಾ ಕಾಯ್ದೆ ಬಂತು. ಬೊಂಬಾಯಿ, ಕಲ್ಕತ್ತ, ಮದ್ರಾಸ್, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳಾದವು. ಒಂದು ಕಡೆ ಸರ್ಟಿಫಿಕೇಟ್ ಸಿಕ್ಕರೆ ಬ್ರಿಟಿಷ್ ಇಂಡಿಯಾದಲ್ಲೆಲ್ಲ ನಡೆಯುತ್ತಿತ್ತು, ಆದರೆ ಗಲಾಟೆಯಾದೀತು ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ತಮ್ಮ ಜಿಲ್ಲೆಯಲ್ಲಿ ತಡೆಯಬಹುದಿತ್ತು. 1921ರ 'ಭಕ್ತ ವಿದುರ'ನಿಗೆ ಆದದ್ದು ಇಂಥದ್ದೇ. ವಿದುರ ಗಾಂಧಿಯಂತೆ ಕಾಣುತ್ತಾನೆ ಎಂದು ಕರಾಚಿ, ಮದ್ರಾಸುಗಳಲ್ಲಿ ಅದಕ್ಕೆ ತಡೆ ಬಿತ್ತು. ಮೈಸೂರು ಸಂಸ್ಥಾನಕ್ಕೆ ಈ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ಬೆಂಗಳೂರಿಗೆ ಬಂದ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಒಂದು ಸಂಸ್ಥಾನದಲ್ಲಿ ಹುಟ್ಟಿ, ಬ್ರಿಟಿಷರ ಸೀಮೆ ದಾಟಿ, ಇನ್ನೊಂದು ಸಂಸ್ಥಾನದಲ್ಲಿ ಮಾತಾಡಿತು. ಕನ್ನಡ ಮಾತಾಡುವವರೇ ಮೂರು ನಾಲ್ಕು ಸರ್ಕಾರಗಳ ಕೆಳಗೆ ಹಂಚಿಹೋಗಿದ್ದ ಕಾಲದಲ್ಲಿ ಸಿನಿಮಾದ್ದು ಬೇರೆ ಹಣೆಬರಹ ಆದೀತೇ?

ಆ ಗಡಿಗಳು 1953, 1956ರಲ್ಲಿ ಅಳಿದವು ಎಂದು ಪಠ್ಯಪುಸ್ತಕ ಹೇಳುತ್ತದೆ. ಗಾಂಧಿನಗರದ ಹಂಚಿಕೆದಾರರ ಲೆಕ್ಕದ ಪುಸ್ತಕದಲ್ಲಿ ಅಳಿಯಲಿಲ್ಲ. ಬಾಂಬೆ ಕರ್ನಾಟಕ, ಹೈದರಾಬಾದ್ ಕರ್ನಾಟಕ ಎಂಬ ಏರಿಯಾಗಳು ಸಿನಿಮಾ ವ್ಯಾಪಾರದಲ್ಲಿ ಗಟ್ಟಿಯಾಗಿ ಉಳಿದವು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿ.ಕೆ.ಟಿ. ಚಿತ್ರದುರ್ಗ ಶಿವಮೊಗ್ಗದ ಜೊತೆ. ಒಂದು ಏರಿಯಾದ ಹಕ್ಕು ಕೊಂಡವನ ಪ್ರಿಂಟು ಇನ್ನೊಂದರಲ್ಲಿ ಓಡುವಂತಿಲ್ಲ. ಅಪ್ಪನ ಮಾತಿನಲ್ಲಿ ಹೇಳುವುದಾದರೆ, "ಹಿರಿಯೂರಿಂದ ಶಿರಾಕ್ಕೆ ಬಸ್ಸಲ್ಲಿ ಒಂದು ನಿದ್ದೆ ಆಗಲ್ಲ, ಪೆಟ್ಟಿಗೆಗೆ ಮಾತ್ರ ಅದು ಬೇರೆ ದೇಶ." ಶಿರಾ ತುಮಕೂರು ಜಿಲ್ಲೆ, ಬಿ.ಕೆ.ಟಿ. ಹಿರಿಯೂರಿನಲ್ಲಿ ಓಡಿ ಮುಗಿದ ಪ್ರಿಂಟು ಹೊಳಲ್ಕೆರೆಗೆ ಬರುತ್ತಿತ್ತು, ಹೊಸದುರ್ಗಕ್ಕೆ ಹೋಗುತ್ತಿತ್ತು, ಅಲ್ಲಿಂದ ಹಳ್ಳಿಯ ಟೆಂಟುಗಳಿಗೆ ಇಳಿಯುತ್ತಿತ್ತು. ಪಕ್ಕದ ಶಿರಾಕ್ಕೆ ಹೋಗುತ್ತಿರಲಿಲ್ಲ.

ಪೆಟ್ಟಿಗೆ ಅಂದರೆ ತಗಡಿನ ಟ್ರಂಕು. ಹದಿನಾಲ್ಕು ಹದಿನೈದು ರೀಲಿನ ಸಿನಿಮಾ ಎರಡು ಮೂರು ಟ್ರಂಕಿಗೆ ತುಂಬುತ್ತಿತ್ತು. ಬೆಂಗಳೂರಿನಿಂದ ಬಸ್ಸಿನ ಟಾಪಿನ ಮೇಲೆ ಬರಬೇಕು, ಇಲ್ಲ ರೈಲಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೋ ಚಿಕ್ಕಜಾಜೂರಿಗೋ ಬರಬೇಕು. ಹೊಸದುರ್ಗ ರೋಡಿನಲ್ಲಿ ಇಳಿದರೆ ಹೊಸದುರ್ಗ ಇನ್ನೂ ಎಲ್ಲೋ ಇರುತ್ತದೆ, ಉಳಿದದ್ದು ಎತ್ತಿನ ಗಾಡಿ ಅಥವಾ ತಲೆ. ಪೆಟ್ಟಿಗೆಯ ಜೊತೆ ಸೆನ್ಸಾರ್ ಸರ್ಟಿಫಿಕೇಟಿನ ಪ್ರತಿ, ಹಂಚಿಕೆದಾರನ ಚೀಟಿ, ಟಿಕೆಟ್ಟು ಎಣಿಸಲು ಅವನ ರೆಪ್ರೆಸೆಂಟೇಟಿವ್. ಈ ರೆಪ್ರೆಸೆಂಟೇಟಿವನ ಊಟ, ಕಾಫಿ, ಬೀಡಿ ಸಿಗರೇಟಿನ ಉಪಚಾರ ಚೆನ್ನಾಗಿ ನಡೆದರೆ ಎಣಿಕೆ ಸ್ವಲ್ಪ ತಪ್ಪುತ್ತಿತ್ತಂತೆ. ಹಳೆಯ ನೈಟ್ರೇಟ್ ಫಿಲ್ಮು ಬೆಂಕಿಗೆ ಹಾತೊರೆಯುವ ವಸ್ತು, ಅದರ ಸಂಗ್ರಹ, ಸಾಗಣೆಗೆ 1948ರಲ್ಲಿ ಪ್ರತ್ಯೇಕ ನಿಯಮಗಳೇ ಬಂದವು. ಪೆಟ್ಟಿಗೆಯ ಮೇಲಿನ ಕಾನೂನುಗಳಲ್ಲಿ ನನಗೆ ತಕರಾರಿಲ್ಲದ್ದು ಅದೊಂದೇ.

ಹಿರಿಯೂರು ತಾಲ್ಲೂಕಿನ ಧರ್ಮಪುರದಿಂದ ಪೂರ್ವಕ್ಕೆ ಹೋದರೆ ಆಂಧ್ರ. ಅಮರಾಪುರ, ಮಡಕಶಿರಾ ಸೀಮೆ. ಅಲ್ಲಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಬೋರ್ಡು ತೆಲುಗು. ಅಲ್ಲಿಯ ಒಂದು ಜಾತ್ರೆಗೆ, ಒಂದು ರಾತ್ರಿಗೆ, ಅಣ್ಣಾವ್ರ ಸಿನಿಮಾ ಬೇಕು ಎಂದು ಅಲ್ಲಿಯವರು ಬಂದು ಕೇಳಿದರಂತೆ. ಪ್ರಿಂಟು ನಮ್ಮ ಏರಿಯಾದ್ದು. ಲೈಸೆನ್ಸು ಕರ್ನಾಟಕದ್ದು. ಅಲ್ಲಿ ತೋರಿಸಲು ಯಾವ ಕಾಗದವೂ ಇಲ್ಲ. ಅಪ್ಪ ಮತ್ತು ಆಪರೇಟರು ರಾಗಿ ಹುಲ್ಲಿನ ಗಾಡಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗಿ, ಎರಡು ಆಟ ತೋರಿಸಿ, ಬೆಳಗಾಗುವ ಮೊದಲು ವಾಪಸು ಬಂದರು. "ಕಳ್ಳತನ ಅಲ್ವೇನಪ್ಪ?" ಎಂದು ಕೇಳಿದೆ. "ಏನ್ ಕಳ್ಳತನವ್ವ, ಪಿಚ್ಚರ್ ತಿರುಗಿ ಪೆಟ್ಟಿಗೇಲೇ ಇತ್ತಲ್ಲ" ಅಂದರು. ರೌಸಸ್ ಪಾಯಿಂಟಿನವರ ವಾದಕ್ಕಿಂತ ಇದೇನೂ ಕಡಿಮೆಯದಲ್ಲ.

ಅಪ್ಪ ಇನ್ನೊಂದು ಗಡಿಯ ಕತೆಯನ್ನೂ ಹೇಳಿದರು, ಅದನ್ನು ನಗುತ್ತ ಹೇಳಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿ. ಟೆಂಟು ಹಾಕಿ ವಾರವಾಗಿತ್ತು. ಬಂದಿದ್ದ ಪಿಚ್ಚರಿನಲ್ಲಿ ಜೀತದ ಆಳೊಬ್ಬ ಧಣಿಯ ಕೈಯಿಂದ ಚಾಟಿ ಕಿತ್ತುಕೊಂಡು ಅವನಿಗೇ ಹೊಡೆಯುವ ಒಂದು ದೃಶ್ಯ. ಮೊದಲ ದಿನ ನೆಲದ ಜನ ಆ ದೃಶ್ಯಕ್ಕೆ ಎದ್ದು ಕೂಗಿದರು, ಚಿಲ್ಲರೆ ಎಸೆದರು. ಕುರ್ಚಿಯಲ್ಲಿ ಕೂತಿದ್ದವರು ಸುಮ್ಮನಿದ್ದರು. ನೆಲ ಅಂದರೆ ಯಾರು, ಕುರ್ಚಿ ಅಂದರೆ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಟೆಂಟಿನಲ್ಲಿ ಟಿಕೆಟ್ಟಿನ ದರ ಎಲ್ಲರಿಗೂ ಒಂದೇ, ಕುರ್ಚಿಯ ದುಡ್ಡು ಯಾರು ಬೇಕಾದರೂ ಕೊಡಬಹುದಿತ್ತು. ನಮ್ಮ ಕೇರಿಯವರು ಯಾರೂ ಕೊಟ್ಟು ನೋಡಿರಲಿಲ್ಲ, ಅಷ್ಟೆ. ಮಾರನೆಯ ಬೆಳಿಗ್ಗೆ ಊರಿನ ಹಿರಿಯರೊಬ್ಬರು ಟೆಂಟಿನ ಮಾಲೀಕರನ್ನು ಕರೆಸಿ ಹೇಳಿದ್ದು ಒಂದೇ ಮಾತು: "ಆ ಪೆಟ್ಟಿಗೆ ಇವತ್ತು ನಮ್ಮೂರಲ್ಲಿ ಇರೋದು ಬ್ಯಾಡ." ಮಧ್ಯಾಹ್ನದ ಬಸ್ಸಿಗೆ ಅಪ್ಪ ಪೆಟ್ಟಿಗೆ ಹೊತ್ತರು. ರಾತ್ರಿ ಪೌರಾಣಿಕ ಪಿಚ್ಚರು ಹಾಕಿದರು.

ಸೆನ್ಸಾರ್ ಸರ್ಟಿಫಿಕೇಟು ಪೆಟ್ಟಿಗೆಯಲ್ಲೇ ಇತ್ತು. ಡಿ.ಸಿ. ಕೊಟ್ಟ ಲೈಸೆನ್ಸು ಟೆಂಟಿನಲ್ಲೇ ಇತ್ತು. ಅಮೆರಿಕದವರಿಗೆ ಸಂಸತ್ತು, ಮಸೂದೆ, ಅಧ್ಯಕ್ಷರ ರುಜು ಎಲ್ಲ ಬೇಕಾದ ಕೆಲಸ ಇಲ್ಲಿ ಜಗಲಿಯ ಮೇಲೆ ಕೂತು ಆಡಿದ ಒಂದು ಮಾತಿಗೆ ಆಗಿಹೋಯಿತು. ನನ್ನ ಪ್ರಬಂಧದಲ್ಲಿ ಇದನ್ನು ಯಾವ ಅಧ್ಯಾಯಕ್ಕೆ ಸೇರಿಸಲಿ ಎಂದು ಮಾರ್ಗದರ್ಶಕರನ್ನು ಕೇಳಿದೆ. "ದಾಖಲೆ ಇದೆಯಾ?" ಎಂದರು. ಇಲ್ಲ. ಸಿಮ್ಸ್ ಕಾಯ್ದೆಯ ಬಗ್ಗೆ ಎಷ್ಟು ಬೇಕಾದರೂ ದಾಖಲೆ ಸಿಗುತ್ತದೆ, ಜಗಲಿಯ ಮಾತಿಗೆ ಎಲ್ಲಿಂದ ತರಲಿ?

ಕಾಗದದ ಮೇಲೆ ನಮ್ಮ ವ್ಯವಸ್ಥೆ ಸ್ಪಷ್ಟವಾಗಿಯೇ ಇದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಚಿತ್ರಕ್ಕೆ ಮಂಜೂರಾತಿ ಕೊಡುವುದು ಕೇಂದ್ರದ ಪಟ್ಟಿಯ 60ನೇ ನಮೂದು. ಚಿತ್ರಮಂದಿರ ರಾಜ್ಯದ ಪಟ್ಟಿಯ 33ನೇ ನಮೂದು. ಅಂದರೆ ಪೆಟ್ಟಿಗೆಯೊಳಗಿನದ್ದು ದೆಹಲಿಗೆ, ಪೆಟ್ಟಿಗೆ ಬಿಚ್ಚುವ ಜಾಗ ಬೆಂಗಳೂರಿಗೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಮೊದಲನೆಯದಕ್ಕೆ, ನಮ್ಮ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಎರಡನೆಯದಕ್ಕೆ. ತಕರಾರು ಹುಟ್ಟುವುದು ಈ ಎರಡರ ಸಂದಿಯಲ್ಲಿ. ಸರ್ಟಿಫಿಕೇಟು ಕೊಟ್ಟ ಮೇಲೂ ಗಲಾಟೆಯಾಗುತ್ತದೆ ಎಂಬ ಹೆದರಿಕೆಗೆ ಸಿನಿಮಾ ನಿಲ್ಲಿಸಬಹುದೇ? ಮೀಸಲಾತಿಯ ವಿಷಯವಿದ್ದ 'ಒರೆ ಒರು ಗ್ರಾಮತ್ತಿಲೆ' ಎಂಬ ತಮಿಳು ಚಿತ್ರದ ಸರ್ಟಿಫಿಕೇಟನ್ನು ಮದ್ರಾಸ್ ಹೈಕೋರ್ಟು ರದ್ದು ಮಾಡಿದಾಗ, 1989ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪ್ರತಿಭಟನೆ, ಹಿಂಸೆಯ ಬೆದರಿಕೆಗೆ ಬಗ್ಗಿ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಕಾನೂನು ಕಾಪಾಡುವುದು ಸರ್ಕಾರದ ಕೆಲಸ ಎನ್ನುವುದು ಆ ತೀರ್ಪಿನ ಸಾರ. ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ. ಮರುವರ್ಷ, ಸಿನಿಮಾದವರೇ ಆದ ಕೆ.ಎಂ. ಶಂಕರಪ್ಪನವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು, ಸೆನ್ಸಾರ್ ಮಂಡಳಿ ಮತ್ತು ಮೇಲ್ಮನವಿ ಮಂಡಳಿ ತೀರ್ಮಾನಿಸಿದ್ದನ್ನು ಕೇಂದ್ರ ಸರ್ಕಾರ ಮತ್ತೆ ಕೈಯಾಡಿಸುವಂತಿಲ್ಲ ಎಂದಿತು. 2000ದಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಇಂಥ ತೀರ್ಪುಗಳನ್ನು ಓದಿದಾಗ ಖುಷಿಯಾಗುತ್ತದೆ. ಓದಿ ಮುಗಿಸಿದ ಮೇಲೆ ಮಧ್ಯಾಹ್ನದ ಬಸ್ಸು ನೆನಪಾಗುತ್ತದೆ.

ಸಿಮ್ಸ್ ಕಾಯ್ದೆ ಸತ್ತದ್ದು ನಿಧಾನವಾಗಿ. 1921ರಲ್ಲಿ ಡೆಂಪ್ಸಿ ಮತ್ತು ಕಾರ್ಪೆಂಟಿಯೆ, ಇಬ್ಬರು ಬಿಳಿಯರ ಪಂದ್ಯದ ಫಿಲ್ಮನ್ನು ಅದರ ಮಾಲೀಕರು ರಾಜಾರೋಷವಾಗಿ ಸಾಗಿಸಿ, ದಂಡ ಕಟ್ಟಿ, ತೋರಿಸಿದರು. ದಂಡ ವ್ಯಾಪಾರದ ಖರ್ಚಾಯಿತು. ಆದರೂ ಕಾಯ್ದೆ ರದ್ದಾಗಲು 1940 ಬರಬೇಕಾಯಿತು. ಆ ಹೊತ್ತಿಗೆ ಚಾಂಪಿಯನ್ ಆಗಿದ್ದವನು ಜೋ ಲೂಯಿಸ್, ಮತ್ತೊಬ್ಬ ಕಪ್ಪು ಮನುಷ್ಯ. ಅವನನ್ನು ನೋಡಲು ಬಿಳಿಯರಿಗೂ ಆಸೆ ಇತ್ತು.

ರೀನೋ ಪಂದ್ಯದ ಫಿಲ್ಮನ್ನು 2005ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಫಿಲ್ಮ್ ಪಟ್ಟಿಗೆ ಸೇರಿಸಿಕೊಂಡಿತು. ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ. ಕಳೆದ ವರ್ಷ ನಮ್ಮ ಜಿಲ್ಲೆಯ ಒಂದು ಹುಡುಗರ ಹಾಸ್ಟೆಲಿನಲ್ಲಿ ಅದನ್ನು ತೋರಿಸೋಣ ಎನ್ನಿಸಿತು. ಅಲ್ಲಿಯ ಕೆಲವು ಹುಡುಗರು ಬಾಕ್ಸಿಂಗ್ ಕಲಿಯುತ್ತಿದ್ದರು. ಉಸ್ತುವಾರಿಯವರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಹೆದರಿಕೆಯವರು. ಸಿನಿಮಾ ಯಾವುದು, ಭಾಷೆ ಯಾವುದು ಎಂದು ಕೇಳಿದರು. ಮಾತಿಲ್ಲದ ಸಿನಿಮಾ, 1910ರದ್ದು ಎಂದೆ. ಏನಿದೆ ಅದರಲ್ಲಿ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಗಲಾಟೆ ಏನೂ ಆಗಲ್ಲ ತಾನೆ ಮೇಡಂ?" ಎಂದರು. ಪತ್ರ ಕೊಡಿ ಎಂದರು, ಕೊಟ್ಟೆ. ಮೇಲಿನಿಂದ ಉತ್ತರ ಬರಲಿ ಎಂದರು. ಎರಡು ತಿಂಗಳು ಬರಲಿಲ್ಲ. ಕೊನೆಗೆ ಅವರೇ, "ಕ್ರೀಡಾ ತರಬೇತಿ ಅಂತ ಬರಕೊಡಿ, ಸಿನಿಮಾ ಅಂತ ಬೇಡ" ಎಂದು ದಾರಿ ತೋರಿಸಿದರು. ಬರೆದುಕೊಟ್ಟೆ. ಹೆಸರು ಬದಲಾದ ಕೂಡಲೇ ಅದೇ ಫಿಲ್ಮು ನಿರಪಾಯವಾಯಿತು.

ಅಪ್ಪನೂ ಬಂದಿದ್ದರು. ಪೆನ್ ಡ್ರೈವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಇದ್ರೊಳಗೆ ಎಷ್ಟು ರೀಲು?" ಎಂದು ಕೇಳಿದರು. ಊಟದ ಹಾಲಿನ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಎಲ್ಲರೂ ನೆಲದ ಮೇಲೆ ಕೂತರು, ಕುರ್ಚಿಗಳಿರಲಿಲ್ಲ. ಮೊದಲಿಗೆ ಹುಡುಗರಿಗೆ ಬೇಜಾರಾಯಿತು. ಸದ್ದಿಲ್ಲ, ಇಬ್ಬರೂ ಅಪ್ಪಿಕೊಂಡೇ ಇರುತ್ತಾರೆ, ಗೆರೆಗೆರೆ ಚಿತ್ರ. ಆಮೇಲೆ ಒಬ್ಬ ಕೇಳಿದ, "ಅಕ್ಕ, ಅವನು ಹೊಡೆತ ತಿಂತಾ ತಿಂತಾ ನಗ್ತಾನಲ್ಲ, ಯಾಕೆ?" ಜಾನ್ಸನ್ನನಿಗೆ ಆ ಅಭ್ಯಾಸವಿತ್ತು, ಚಿನ್ನದ ಹಲ್ಲು ಕಾಣುವಂತೆ ನಗುತ್ತಿದ್ದ. ಅವನ ಮೇಲಿನ ಸಿಟ್ಟಿಗೆ ಗುದ್ದಿನಷ್ಟೇ ಆ ನಗುವೂ ಕಾರಣ. ನಾನು ಉತ್ತರ ಹುಡುಕುವುದರೊಳಗೆ ಹಿಂದಿನ ಸಾಲಿನ ಇನ್ನೊಬ್ಬ, "ಹೆದರಿಲ್ಲ ಅಂತ ತೋರ್ಸಕ್ಕೆ ಕಣೋ" ಎಂದ.

ಹದಿನೈದನೇ ಸುತ್ತಿನಲ್ಲಿ ಜೆಫ್ರೀಸ್ ಹಗ್ಗದ ಮೇಲೆ ಬಿದ್ದಾಗ ಯಾರೂ ಕೂಗಲಿಲ್ಲ. ಉಸ್ತುವಾರಿಯವರು ಬಾಗಿಲಲ್ಲೇ ನಿಂತಿದ್ದರು. ಮುಗಿದ ಮೇಲೆ, ಆ ಸುತ್ತನ್ನು ಇನ್ನೊಂದು ಸಲ ಹಾಕಿ ಎಂದರು ಹುಡುಗರು. ಹಾಕಿದೆ. ಮತ್ತೊಂದು ಸಲ ಎಂದರು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಉಸ್ತುವಾರಿಯವರು ಒಳಗೆ ಬಂದು, ಗೋಡೆಗೆ ಒರಗಿ, "ಹಾಕಿ ಮೇಡಂ, ಸಾರು ಇನ್ನೂ ಬಿಸಿ ಐತೆ" ಎಂದರು.